ಸೂರು ನೋಡುವ ಕಸುಬು

ನನಗೊಂದು ಚಟವಿದೆ. ಯಾರ ಮನೆಗೆ ಹೋದರೂ ಕೂತ ತಕ್ಷಣ ತಲೆ ಎತ್ತಿ ಸೂರು ನೋಡುವುದು. ಕೊಟ್ಟ ನೀರಿನ ಲೋಟ ಕೈಯಲ್ಲೇ ಇರುತ್ತದೆ, ಕಣ್ಣು ಮಾತ್ರ ಜಂತೆ ಎಣಿಸುತ್ತಿರುತ್ತದೆ. ಕೆಲವರು ಪಾಪ, ಸೆಖೆಯಾಯಿತೇನೋ ಎಂದು ಫ್ಯಾನಿನ ಸ್ವಿಚ್ಚಿಗೆ ಓಡುತ್ತಾರೆ. ಕೆಲವರು ಹಲ್ಲಿ ಇದೆಯೇನೋ ಎಂದು ತಾವೂ ಮೇಲೆ ನೋಡುತ್ತಾರೆ. ಇಬ್ಬರೂ ಹೀಗೆ ಮೇಲ್ಮೊಗವಾಗಿ ಕೂತಾಗ ಮಾತು ತಾನಾಗಿ ಶುರುವಾಗುತ್ತದೆ. ಆ ತೊಲೆ ಯಾವ ಮರದ್ದು, ಮೋಲ್ಡು ಹಾಕಿಸಿ ಎಷ್ಟು ವರ್ಷವಾಯಿತು, ಮೂಲೆಯಲ್ಲಿರುವ ಆ ಕಲೆ ಯಾವ ಮಳೆಗಾಲದ್ದು. ಕಲೆಯಲ್ಲಿ ನನಗೆ ಆಸ್ಟ್ರೇಲಿಯಾದ ಭೂಪಟ ಕಂಡರೆ, ಮನೆಯವರಿಗೆ ಮೇಸ್ತ್ರಿಯ ಮುಖ ಕಾಣುತ್ತದೆ. ಹಾಗೆ ಕಂಡ ಮೇಲೆ ಕಾಫಿ ಬರುವುದು ತಡವಾಗುತ್ತದೆ.

ಕೆಲಸಕ್ಕೆ ಬಾರದ ಇಂಥ ಚಟವನ್ನು ಸಾಕಿಕೊಳ್ಳಲು ಅಜ್ಜಂಪುರ ಹೇಳಿ ಮಾಡಿಸಿದ ಊರು. ಮಲೆನಾಡು ಇಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಬಯಲುಸೀಮೆ ಇನ್ನೂ ಪೂರ್ತಿ ಕಾಲು ಚಾಚಿರುವುದಿಲ್ಲ. ಪಡುವಣಕ್ಕೆ ತರೀಕೆರೆ, ಅದರಾಚೆ ಲಕ್ಕವಳ್ಳಿ, ಭದ್ರೆಯ ಕಾಡು. ಮೂಡಣಕ್ಕೆ ಹೊಸದುರ್ಗದ ಬಯಲು, ಅಲ್ಲಿ ನೆಲಕ್ಕಿಂತ ಆಕಾಶವೇ ಜಾಸ್ತಿ. ನಡುವೆ ನಾವು, ಈರುಳ್ಳಿ ಬೆಳೆದುಕೊಂಡು, ಅಮೃತಮಹಲ್ ದನಗಳ ಕೊಂಬಿನ ಚೆಂದ ಹೊಗಳಿಕೊಂಡು, ಬೀರೂರಿನಿಂದ ಚಿಕ್ಕಜಾಜೂರಿನ ಕಡೆ ಹೋಗುವ ರೈಲಿಗೆ ಕಾದುಕೊಂಡು ಇದ್ದೇವೆ. ಬಹುಕಾಲ ತರೀಕೆರೆಗೆ ಸೇರಿದ್ದ ಊರು ಈಗ ಸ್ವತಃ ತಾಲ್ಲೂಕಾಗಿದೆ. ಆದರೂ ಮಳೆಯ ವಿಷಯದಲ್ಲಿ ನಮ್ಮದು ಯಾವ ಸೀಮೆ ಎಂದು ಈವರೆಗೆ ಯಾರೂ ತೀರ್ಮಾನ ಮಾಡಿಲ್ಲ. ಮಳೆಯಂತೂ ಮಾಡಿಲ್ಲ.

ಹೊಸದುರ್ಗದ ಕಡೆಯಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪಡುವಣಕ್ಕೆ ಬರುವಾಗ ನಾನೊಂದು ಆಟ ಆಡುತ್ತೇನೆ. ಅದಕ್ಕೆ ಸೂರುಮಾಪನ ಎಂದು ಹೆಸರಿಟ್ಟುಕೊಂಡಿದ್ದೇನೆ. ಮೊದಲು ಸಿಗುವುದು ಮಾಳಿಗೆ ಮನೆಗಳು. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಚಪ್ಪಟೆ. ಮಳೆ ಬಂದರೂ ಬಂದಷ್ಟೇ ಬೇಗ ಹೋಗುವ ಅತಿಥಿ ಎಂಬ ನಂಬಿಕೆಯ ಮೇಲೆ ಕಟ್ಟಿದ್ದು. ಅಜ್ಜಂಪುರ ಹತ್ತಿರವಾದಂತೆ ಮಾಳಿಗೆಗಳ ನಡುವೆ ಹೆಂಚು ತಲೆ ಹಾಕುತ್ತದೆ, ಮೊದಮೊದಲು ಸಂಕೋಚದ ಇಳಿಜಾರಿನಲ್ಲಿ. ತರೀಕೆರೆ ದಾಟಿ ಲಕ್ಕವಳ್ಳಿಯತ್ತ ಹೊರಳಿದರೆ ಸಂಕೋಚವೆಲ್ಲ ಹೋಗಿ ಹೆಂಚು ಕಡಿದಾಗಿ ಇಳಿದು, ಗೋಡೆಯಿಂದ ಮಾರುದ್ದ ಹೊರಗೆ ಚಾಚಿ ನಿಂತಿರುತ್ತದೆ. ಹವಾಮಾನ ಇಲಾಖೆಯ ಮಳೆಮಾಪಕ ಇಲ್ಲದಿದ್ದರೂ ಯಾವ ಊರಿಗೆ ಎಷ್ಟು ಮಳೆ ಎಂದು ಆ ಓರೆಯಿಂದಲೇ ಹೇಳಿಬಿಡಬಹುದು. ಇತ್ತೀಚೆಗೆ ಎಲ್ಲ ಕಡೆ ಒಂದೇ ನಮೂನೆಯ ಕಾಂಕ್ರೀಟ್ ತಾರಸಿ ಬಂದು ನನ್ನ ಆಟ ಕೆಡುತ್ತಿದೆ. ಲಕ್ಕವಳ್ಳಿಯಲ್ಲೂ ಹೊಸದುರ್ಗದಲ್ಲೂ ಒಂದೇ ಚಪ್ಪಟೆ. ಆಮೇಲೆ ಲಕ್ಕವಳ್ಳಿಯವರು ಚಪ್ಪಟೆಯ ಮೇಲೆ ತಗಡಿನ ಶೀಟು ಹೊದಿಸಿ ಓರೆಯನ್ನು ವಾಪಸ್ ತರಿಸಿಕೊಳ್ಳುತ್ತಾರೆ. ಮಳೆಯ ಮಾತು ಯಾರೂ ಮೀರುವಂತಿಲ್ಲ.

ನಮ್ಮ ಮನೆಯಲ್ಲಿ ಈ ಚಟ ಕಸುಬಾಗಿ ಬದಲಾದದ್ದು ನನ್ನ ಅಕ್ಕನ ಮಗಳಿಂದ. ಎಸ್ಸೆಸ್ಸೆಲ್ಸಿ ಮುಗಿಸಿದವಳು ಪಾಲಿಟೆಕ್ನಿಕ್ಕಿನಲ್ಲಿ ಆರ್ಕಿಟೆಕ್ಚರ್ ಡಿಪ್ಲೊಮಾಕ್ಕೆ ಸೇರುತ್ತೇನೆ ಎಂದಳು. ಈರುಳ್ಳಿ ಹೆಚ್ಚುತ್ತಿದ್ದ ನಮ್ಮಮ್ಮ ಕೈ ನಿಲ್ಲಿಸದೆ ಕೇಳಿದರು.

“ಅಂದ್ರೆ ಇಂಜಿನಿಯರಾ ಮಗಾ?”

“ಅಲ್ಲಜ್ಜಿ.”

“ಮತ್ತೆ ಮೇಸ್ತ್ರಿ ಕೆಲ್ಸನಾ?”

“ಅದೂ ಅಲ್ಲ.”

“ಅವೆರಡರ ಮಧ್ಯೆ ಇನ್ನೇನೈತೆ?”

“ಅವೆರಡರ ಮಧ್ಯೆನೇ ಅಜ್ಜಿ, ಮನೆ ಸೋರೋದು.”

ಹದಿನಾರರ ಹುಡುಗಿಯ ಬಾಯಲ್ಲಿ ಬಂದ ಈ ಮಾತನ್ನು ನಾನು ಬಹಳ ದಿನ ಜಗಿದಿದ್ದೇನೆ. ಕಟ್ಟಡದ ಚೆಂದ ಒಬ್ಬರ ತಲೆಯಲ್ಲಿ ಹುಟ್ಟುತ್ತದೆ. ಅದನ್ನು ಇಟ್ಟಿಗೆ ಗಾರೆಯಲ್ಲಿ ಎಬ್ಬಿಸುವುದು ಇನ್ನೊಬ್ಬರ ಕೈ. ತಲೆಯಿಂದ ಕೈಗೆ ಇಳಿಯುವ ದಾರಿಯಲ್ಲಿ ಎಷ್ಟೋ ಸಂಗತಿಗಳು ಜಾರಿಬೀಳುತ್ತವೆ. ಕಿಟಕಿಯ ಚೌಕಟ್ಟು ಗೋಡೆಗೆ ಸೇರುವ ಸಂದು, ತಾರಸಿಯ ನೀರು ಪೈಪಿಗೆ ಇಳಿಯುವ ಬಾಯಿ, ಬಚ್ಚಲಿನ ನೆಲ ಹಜಾರದ ನೆಲಕ್ಕಿಂತ ಎಷ್ಟು ತಗ್ಗಿರಬೇಕು ಎಂಬ ಅರ್ಧ ಇಂಚಿನ ಲೆಕ್ಕ. ಬಿದ್ದದ್ದನ್ನು ಆಯುವವರು, ಬೀಳದ ಹಾಗೆ ಮೊದಲೇ ಗೆರೆ ಎಳೆದು ತೋರಿಸುವವರು ಈ ಕಸುಬಿನವರು. ಸಂದುಗಾರರು ಎನ್ನೋಣವೇ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರಿಗೆ ಇಂಥವರೊಬ್ಬರು ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಮದುವೆಗೆ ಈಗಲೂ ಯಾರೂ ಸಿಕ್ಕಿಲ್ಲ.

ನಮ್ಮ ದೇಶದಲ್ಲಿ ಈ ಕಸುಬಿನ ಪಂಕ್ತಿಯಲ್ಲಿ ಎಲೆ ಹಾಕುವ ಕ್ರಮ ಬಹಳ ಕಟ್ಟುನಿಟ್ಟು. ಹತ್ತನೇ ತರಗತಿ ಮುಗಿಸಿ ಐಟಿಐಯಲ್ಲಿ ಎರಡು ವರ್ಷ ಕೂತರೆ ಸಿವಿಲ್ ಡ್ರಾಫ್ಟ್ಸ್‌ಮನ್. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಓದಿದರೆ ಡಿಪ್ಲೊಮಾದವರು. ಐದು ವರ್ಷದ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು ಎಂದು 1972ರ ಕಾಯಿದೆ ಹೇಳುತ್ತದೆ. ಹೀಗಾಗಿ ಐದು ವರ್ಷದವರಿಗೆ ಹೆಸರು, ಮೂರು ವರ್ಷದವರಿಗೆ ರಾತ್ರಿ ಹನ್ನೊಂದರವರೆಗೆ ಕೆಲಸ. ಬ್ರಿಟನ್ನಿನಲ್ಲಿ ಈ ನಡುವಿನ ಎಲೆಯವರು 1965ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು, 2005ರಲ್ಲಿ ರಾಣಿಯಿಂದ ಸನ್ನದನ್ನೂ ಪಡೆದು ಬೇರೆಯೇ ಪಂಕ್ತಿ ಹಾಕಿಸಿಕೊಂಡರು. ನಮ್ಮಲ್ಲಿ ಇನ್ನೂ ಸಹಾಯಕ ಎಂಬ ಬಾಲವನ್ನು ಹಿಡಿದುಕೊಂಡೇ ನಿಲ್ಲಬೇಕು. ನನ್ನ ಸೋದರಸೊಸೆಗೆ ಇದರ ಚಿಂತೆ ಇದ್ದಂತಿಲ್ಲ. ಡಿಪ್ಲೊಮಾ ಮುಗಿಸಿದ ಮೇಲೆ ಬೇಕೆನಿಸಿದರೆ ನಾಟಾ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಆರ್ಕ್‌ಗೂ ಹೋಗಬಹುದಂತೆ. “ಮೊದ್ಲು ಸೋರದ ಮನೆ ಕಟ್ಟೋದು ಕಲೀತೀನಿ ಮಾವ, ಆಮೇಲೆ ಚೆಂದದ ಮನೆ” ಎನ್ನುತ್ತಾಳೆ.

ಆದರೆ ಈ ಸೀಮೆಯಲ್ಲಿ ಈ ಕಸುಬು ಡಿಪ್ಲೊಮಾದಿಂದ ಶುರುವಾದದ್ದಲ್ಲ. ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ದೂರದ ಅಮೃತಾಪುರಕ್ಕೆ ಹೋಗಿ ಅಲ್ಲಿನ ಅಮೃತೇಶ್ವರನ ಗುಡಿಯ ಮಂಟಪದಲ್ಲಿ ನಿಲ್ಲಿ. 1196ರಲ್ಲಿ, ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ದುಡ್ಡು ಕೊಟ್ಟವನ ಹೆಸರನ್ನೇ ದೇವರು ಇಟ್ಟುಕೊಂಡಿದ್ದಾನೆ. ದೊಡ್ಡ ಶಾಸನದ ಪದ್ಯಗಳನ್ನು ಕವಿ ಜನ್ನ ಬರೆದುಕೊಟ್ಟಿದ್ದಾನೆ. ದಂಡನಾಯಕ, ಕವಿಚಕ್ರವರ್ತಿ, ದೊರೆ, ಎಲ್ಲರೂ ದೊಡ್ಡವರೇ. ಈ ದೊಡ್ಡವರ ತಲೆಯ ಮೇಲೆ, ಅಟ್ಟಣಿಗೆ ಹತ್ತಿ ಭುವನೇಶ್ವರಿಗಳನ್ನು, ಅಂದರೆ ಕುಸುರಿಯ ಒಳಮಾಳಿಗೆಗಳನ್ನು, ಕೆತ್ತುತ್ತ ಇದ್ದವರಲ್ಲಿ ಮಲ್ಲಿತಮ್ಮ ಎಂಬ ಎಳೆಯ ರೂವಾರಿಯೂ ಒಬ್ಬ. ಅವನ ವೃತ್ತಿಜೀವನ ಆರಂಭವಾದದ್ದು ಇಲ್ಲಿನ ಮಂಟಪದ ಗುಮ್ಮಟದಂಥ ಒಳಮಾಳಿಗೆಗಳ ಕೆಲಸದಿಂದ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮುಂದೆ 1246ರ ನುಗ್ಗೇಹಳ್ಳಿಯಲ್ಲಿ ಅವನಿದ್ದಾನೆ. 1258ರ ಸೋಮನಾಥಪುರದಲ್ಲೂ ಇದ್ದಾನೆ, ಅಲ್ಲಿ ಹಲವು ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮ ಎಂದು, ಕೆಲವು ಕಡೆ ಬರೀ ಮಲ್ಲಿ ಎಂದು ಹೆಸರು ಬಿಟ್ಟಿದ್ದಾನೆ. ಸುಮಾರು ಅರವತ್ತು ವರ್ಷ ಒಂದೇ ಕಸುಬು! ಅಮೃತಾಪುರದಲ್ಲಿ ಮೀಸೆ ಚಿಗುರುವ ಹುಡುಗನಾಗಿದ್ದವನು ಸೋಮನಾಥಪುರದ ಹೊತ್ತಿಗೆ ಮೊಮ್ಮಕ್ಕಳ ಕೈಯಲ್ಲಿ ಉಳಿ ಕೊಟ್ಟು ಬೈಯುವ ವಯಸ್ಸಿನವನಾಗಿರಬೇಕು. ಪಿಂಚಣಿ, ಗ್ರಾಚ್ಯುಟಿ ಇಲ್ಲದೆ ಅರವತ್ತು ವರ್ಷ. ಮಲ್ಲಿ ಎಂದು ಗಿಡ್ಡವಾಗಿ ಬರೆದದ್ದು ಯಾಕೆ ಎಂದು ಯೋಚಿಸುತ್ತೇನೆ. ಹೊತ್ತು ಮುಳುಗುತ್ತಿತ್ತೋ, ಹಸಿವಾಗಿತ್ತೋ, ಅಥವಾ ಯಾರು ಎಂದು ಎಲ್ಲರಿಗೂ ಗೊತ್ತೇ ಇದೆಯಲ್ಲ ಎಂಬ ಠೀವಿಯೋ. ನನಗೆ ಠೀವಿಯೇ ಇಷ್ಟ.

ಅಮೃತಾಪುರಕ್ಕೆ ಬಂದವರು ಸಾಮಾನ್ಯವಾಗಿ ಹೊರಗಿನ ಜಗುಲಿಗೋಡೆಯ ಪಟ್ಟಿಕೆಗಳಿಗೆ ಮಾರುಹೋಗುತ್ತಾರೆ. ಹೋಗಬೇಕಾದ್ದೇ. ಒಟ್ಟು 140 ಇವೆ. ತೆಂಕಣ ಬದಿಯ ಎಪ್ಪತ್ತರಲ್ಲಿ ರಾಮಾಯಣ, ಬಡಗಣ ಬದಿಯಲ್ಲಿ ಕೃಷ್ಣನ ಕಥೆ 25, ಮಹಾಭಾರತ 45. ಅದರಲ್ಲೂ ರಾಮಾಯಣ ಇಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಹೊಯ್ಸಳ ಗುಡಿಗಳಲ್ಲಿ ಅಪರೂಪ. ಮಿಕ್ಕವರೆಲ್ಲ ಬಲಕ್ಕೆ ಸುತ್ತಿ ಬರುವಾಗ ರಾಮನ ಕಥೆ ಮಾತ್ರ ಎದುರಿನಿಂದ ಬರುತ್ತದೆ. ಕಥೆ ತಿಳಿದವರಿಗೆ ಯಾವ ಕಡೆಯಿಂದ ಓದಿದರೂ ಆದೀತು ಎಂಬ ಧೈರ್ಯವಿರಬೇಕು ಆ ಶಿಲ್ಪಿಗಳಿಗೆ. ಪ್ರವಾಸಿಗಳು ಅಲ್ಲಿ ಫೋಟೋ ಹೊಡೆದುಕೊಂಡು, ಒಳಗೆ ದೇವರಿಗೆ ಕೈಮುಗಿದು, ನೆರಳಲ್ಲಿ ಪುಳಿಯೋಗರೆ ಬಿಚ್ಚುತ್ತಾರೆ. ಮಾಳಿಗೆ ನೋಡುವವರು ಕಡಿಮೆ. ಕತ್ತು ನೋಯುತ್ತದಲ್ಲ.

ನಾನು ಅಲ್ಲೇ ಮಲಗಿಬಿಡುತ್ತೇನೆ. ಮಲಗುವುದಕ್ಕೆ ಪ್ರಶಸ್ತ ಜಾಗ. 29 ಅಂಕಣದ ತೆರೆದ ಮಂಟಪ, ಬೇಸಿಗೆಯಲ್ಲೂ ಬೆನ್ನಿಗೆ ತಣ್ಣಗೆ. ಸುತ್ತ ಚರಕಿ ಹಿಡಿದ ಕಂಬಗಳು, ಯಾರೋ ಈಗಷ್ಟೇ ಎಣ್ಣೆ ಸವರಿ ಹೋದ ಹಾಗೆ ಹೊಳೆಯುತ್ತವೆ. ಮೇಲೆ ಭುವನೇಶ್ವರಿ. ಮೊದಲ ನೋಟಕ್ಕೆ ಬರೀ ಹೂವಿನ ಕುಸುರಿ. ಕಣ್ಣು ಪಳಗಿದ ಮೇಲೆ ಒಳಗಿನ ಕಟ್ಟಾಣಿಕೆ ಬಿಚ್ಚಿಕೊಳ್ಳುತ್ತದೆ. ನಾಲ್ಕು ಕಂಬ, ನಾಲ್ಕು ತೊಲೆ, ಒಂದು ಚೌಕ. ಚೌಕದ ನಾಲ್ಕು ಮೂಲೆಗೆ ಒಂದೊಂದು ಮುಕ್ಕೋಣದ ಕಲ್ಲು ಕೂರಿಸಿದರೆ ಎಂಟು ಮೂಲೆ. ಅದರ ಮೇಲಿನ ವರಸೆ ಒಂದಿಷ್ಟು ಒಳಕ್ಕೆ ಚಾಚಿ, ಅದರ ಮೇಲಿನದು ಮತ್ತಿಷ್ಟು ಒಳಕ್ಕೆ ಚಾಚಿ, ಸುತ್ತು ಸುತ್ತಾಗಿ ಕಿರಿದಾಗುತ್ತ ಹೋಗಿ ಕೊನೆಗೆ ನಡುವೆ ಒಂದು ಕಲ್ಲಿನ ಮೊಗ್ಗು ಇಳಿಬಿಟ್ಟು ಮುಗಿಯುತ್ತದೆ. ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು, ತೂಕದ ಮೇಲೆ ತೂಕ. ಒಳಕ್ಕೆ ಚಾಚಿದ ಕಲ್ಲು ಬೀಳದಿರುವುದು ಅದರ ಹಿಂಬದಿಯ ಮೇಲೆ ಬೇರೆ ಕಲ್ಲು ಹೇರಿರುವುದರಿಂದ. ಹೂವು ಕಾಣುವುದು ನಮಗೆ, ಹೇರು ಕಾಣುವುದು ಕಟ್ಟಿದವನಿಗೆ ಮಾತ್ರ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಮನುಷ್ಯರೂ ಹಾಗೇ ಎಂದು ಇಲ್ಲೊಂದು ಮಾತು ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು, ಆದರೆ ಮಲಗಿದವನಿಗೆ ಉಪದೇಶ ಮಾಡಲು ಸೋಮಾರಿತನ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಅಮೃತಾಪುರ ಸೇರಲಿಲ್ಲ. ಅದಕ್ಕೇ ನನಗೆ ಅಲ್ಲಿ ಮಲಗಲು ಜಾಗ ಸಿಗುತ್ತದೆ. ಸ್ವಾರ್ಥದ ಮಾತು ಎಂದು ಬೈದರೂ ಸರಿ. ಸೋಮನಾಥಪುರಕ್ಕೆ ಸಂದ ಮಾನದಲ್ಲಿ ಅಮೃತಾಪುರದ ಹುಡುಗನ ಪಾಲೂ ಇದೆಯಲ್ಲ, ಸಾಕು.

ಸೊಸೆಯನ್ನು ಅಲ್ಲಿಗೆ ಕರೆದೊಯ್ದಾಗ ಅವಳು ಮಲಗಲಿಲ್ಲ. ಹೊರಗೆ ನಿಂತು ಮಂಟಪದ ಸುತ್ತ ಚಾಚಿದ ಕಲ್ಲಿನ ಸೂರಿನ ಅಂಚನ್ನೇ ನೋಡುತ್ತಿದ್ದಳು. ನೀರು ಎಲ್ಲಿ ಬೀಳುತ್ತದೆ ಎಂಬುದು ಅವಳ ಪ್ರಶ್ನೆ. ಈ ಹುಡುಗಿ ಮಹಾಭಾರತವನ್ನು ಬಿಟ್ಟು ನೀರಿನ ಹಿಂದೆ ಬಿದ್ದಳಲ್ಲ ಎಂದುಕೊಂಡೆ. ಆಮೇಲೆ ಹೊಳೆಯಿತು, ಮಹಾಭಾರತ ಎಂಟುನೂರು ವರ್ಷಗಳಾಚೆಗೂ ಗೋಡೆಯ ಮೇಲೆ ಉಳಿದಿದ್ದರೆ ಅದರಲ್ಲಿ ಆ ಸೂರಿನ ಪಾಲೂ ಇದೆ.

ಅಂದು ಅವಳು ವಾಪಸ್ ಬರುವಾಗ ಸಜ್ಜಾದ ಪಾಠ ಹೇಳಿದಳು. ಕಿಟಕಿಯ ಮೇಲಿನ ಸಜ್ಜಾಕ್ಕೆ ಮಳೆ ಬಿದ್ದರೆ ನೀರು ಅಂಚಿಗೆ ಬಂದು ಕೆಳಗೆ ಬೀಳುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನೀರು ಅಷ್ಟು ಸಾಧುವಲ್ಲ. ಅಂಚಿಗೆ ಬಂದದ್ದು ಬೀಳುವುದನ್ನು ಬಿಟ್ಟು ಸಜ್ಜಾದ ಅಡಿಯನ್ನೇ ಕಚ್ಚಿಕೊಂಡು ಹಿಂದಕ್ಕೆ ತೆವಳುತ್ತದೆ. ತೆವಳಿ ತೆವಳಿ ಗೋಡೆಗೆ ಮುಟ್ಟಿ, ಕಿಟಕಿಯ ತಲೆಯ ಮೇಲೆ ಹಸಿರು ಬರೆ ಎಳೆಯುತ್ತದೆ. ಇದಕ್ಕೆ ಮದ್ದು ಬಹಳ ಸಣ್ಣದು. ಸಜ್ಜಾದ ಅಡಿಯಲ್ಲಿ, ಅಂಚಿನಿಂದ ಒಂದೂವರೆ ಎರಡು ಇಂಚು ಒಳಗೆ, ಉದ್ದಕ್ಕೂ ಅರ್ಧ ಇಂಚಿನ ಒಂದು ಗೀರು. ತೆವಳಿ ಬಂದ ಹನಿ ಗೀರಿನ ಅಂಚಿನಲ್ಲಿ ನಿಲ್ಲುತ್ತದೆ, ದಾಟಬೇಕಾದರೆ ಮೇಲಕ್ಕೆ ಹತ್ತಬೇಕು, ಹತ್ತಲಾರದೆ ತೊಟ್ಟಿಕ್ಕುತ್ತದೆ. ಸೆಂಟ್ರಿಂಗ್ ಹಲಗೆಯ ಮೇಲೆ ಕಾಂಕ್ರೀಟಿಗೆ ಮುಂಚೆ ಒಂದು ರೀಪಿನ ಪಟ್ಟಿ ಇಟ್ಟರೆ ಗೀರು ತಾನಾಗಿ ಮೂಡುತ್ತದೆ. ಮರೆತವರು ಗಿಲಾವು ಮಾಡುವಾಗ ಕರಣೆಯಲ್ಲಿ ಬಿಡಿಸಿಕೊಳ್ಳಬಹುದು. ಖರ್ಚು ಎಂಬುದೇ ಇಲ್ಲ. ಆದರೆ ಪ್ಲಾನಿನಲ್ಲಿ ಅದು ಕಾಣುವುದಿಲ್ಲ. ಒಂದಕ್ಕೆ ನೂರರ ಅಳತೆಯ ಪ್ಲಾನಿನಲ್ಲಿ ಅರ್ಧ ಇಂಚು ಪೆನ್ಸಿಲ್ ಮೊನೆಯಷ್ಟೂ ಆಗುವುದಿಲ್ಲ. ಒಂದಕ್ಕೆ ಐದರ ಅಳತೆಯಲ್ಲಿ ಯಾರಾದರೂ ಬೇರೆ ಹಾಳೆಯಲ್ಲಿ ಬಿಡಿಸಿ ಕೊಟ್ಟಾಗ ಮಾತ್ರ ಅದು ಲೋಕಕ್ಕೆ ಬರುತ್ತದೆ. ಆ ಹಾಳೆ ಬಿಡಿಸುವುದೇ ಅವಳ ಕೆಲಸವಂತೆ. ಹಳೇ ಡ್ರಾಫ್ಟ್ಸ್‌ಮನ್ನರು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನ ಗೆರೆ ತಪ್ಪಿದರೆ ಬ್ಲೇಡಿನಲ್ಲಿ ಹಗುರಾಗಿ ಕೆರೆದು ತಿದ್ದುತ್ತಿದ್ದರು. 1982ರಲ್ಲಿ ಆಟೋಕ್ಯಾಡ್ ಬಂದ ಮೇಲೆ ಬ್ಲೇಡು ಗಡ್ಡಕ್ಕೆ ಮರಳಿತು. ಸೊಸೆಗೆ ಬ್ಲೇಡಿನ ಕಥೆ ಹೇಳಿದರೆ ಪುರಾಣ ಕೇಳಿದವಳ ಹಾಗೆ ನಕ್ಕಳು. ನನಗೋ, ಸ್ಕೇಲು ಇಟ್ಟು ಎಳೆದರೂ ಗೆರೆ ಅಂತರಘಟ್ಟೆ ಜಾತ್ರೆಗೆ ಹೊರಟ ಗಾಡಿಯ ಜಾಡಿನಂತೆ ಎತ್ತೆತ್ತಲೋ ಹೋಗುತ್ತದೆ. ಆದ್ದರಿಂದ ಆಡುವ ಹಕ್ಕಿಲ್ಲ, ನೋಡುವ ಹಕ್ಕಷ್ಟೇ.

ಸೂರಿನ ಮಾತಿನಲ್ಲಿ ಕಾಲ ಕೆಳಗಿನ ನೆಲ ಮರೆತೆ. ನಮ್ಮ ಕಡೆ ಎರೆನೆಲ ಇದೆ. ಹೊಲಕ್ಕೆ ಬಂಗಾರ, ಮನೆಗೆ ಶನಿ. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಮನೆಯೂ ವರ್ಷಕ್ಕೊಮ್ಮೆ ಉಸಿರು ತೆಗೆದುಕೊಂಡು ಬಿಡುತ್ತದೆ; ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಮೇಸ್ತ್ರಿ ಬಂದು ಸಿಮೆಂಟು ಮೆತ್ತುತ್ತಾನೆ, ಬಣ್ಣದವನು ಬಣ್ಣ ಬಳಿಯುತ್ತಾನೆ, ಮುಂದಿನ ಏಪ್ರಿಲಿಗೆ ಬಿರುಕು ಅದೇ ದಾರಿಯಲ್ಲಿ ಹಾಜರು. ಹಿರಿಯರು ಎರೆ ಅಗೆದು ತೆಗೆದು ಗರಸು ತುಂಬಿ ಪಾಯ ಹಾಕುತ್ತಿದ್ದರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇನ್ನೊಂದು ಉಪಾಯ ಬೆಳೆಸಿದರು. ನೆಲ ಉಬ್ಬಿ ಕುಗ್ಗುವ ಪದರವನ್ನು ದಾಟಿ, ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಗುಂಡಿಯನ್ನು ಅಗಲ ಮಾಡಿ, ಬುಡ ಉಬ್ಬಿದ ಕಾಂಕ್ರೀಟ್ ಕಂಬ ನಿಲ್ಲಿಸುವುದು. ಮೇಲಿನ ಮಣ್ಣು ಎಷ್ಟೇ ಎಳೆದಾಡಿದರೂ ಬುಡ ಕದಲುವುದಿಲ್ಲ. ಮನೆ ನೋಡಲು ಬಂದವರು ಗ್ರಾನೈಟನ್ನು ಹೊಗಳುತ್ತಾರೆ, ಈ ಬುಡವನ್ನು ಹೊಗಳಿದವರನ್ನು ನಾನು ಕಂಡಿಲ್ಲ.

ಇನ್ನು ಈರುಳ್ಳಿ ಶೆಡ್ಡು. ಅಜ್ಜಂಪುರದ ಕಟ್ಟಡಗಳಲ್ಲಿ ಬುದ್ಧಿವಂತ ಕಟ್ಟಡ ಯಾವುದು ಎಂದು ಕೇಳಿದರೆ ನನ್ನ ಓಟು ಅದಕ್ಕೆ. ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಅಟ್ಟಣೆ, ಅಡಿಯಿಂದ ಗಾಳಿ, ಪಕ್ಕದ ಸಂದುಗಳಿಂದ ಗಾಳಿ, ಮೇಲೆ ಮಳೆ ತಡೆಯುವಷ್ಟು ಸೂರು. ಗಾಳಿ ಆಡದಿದ್ದರೆ ಈರುಳ್ಳಿ ಬೆವರುತ್ತದೆ, ಬೆವರಿದರೆ ಕೊಳೆಯುತ್ತದೆ. ಹೀಗಾಗಿ ಬೆಲೆ ಏರುವವರೆಗೂ ಈರುಳ್ಳಿ ಅಲ್ಲಿ ತಂಪಾಗಿ ಕಾದಿರುತ್ತದೆ, ಪಕ್ಕದ ಕಾಂಕ್ರೀಟ್ ಮನೆಯಲ್ಲಿ ಅದರ ಯಜಮಾನ ಬನಿಯನ್ನು ಕಳಚಿ ಬೆವರುತ್ತಿರುತ್ತಾನೆ. ಶೆಡ್ಡಿಗೆ ಪ್ಲಾನ್ ಬರೆದವರಿಲ್ಲ, ಪಂಚಾಯಿತಿಯಲ್ಲಿ ಪಾಸು ಮಾಡಿಸಿದವರಿಲ್ಲ. ಸೊಸೆ ಅದರ ಮುಂದೆ ನಿಂತು ಟೇಪು ಹಿಡಿದು ಅಳತೆ ಬರೆದುಕೊಂಡಳು. ಶೆಡ್ಡಿನ ಯಜಮಾನರು ಗಾಬರಿಯಾಗಿ, “ಟ್ಯಾಕ್ಸ್ ಹಾಕ್ತಾರೇನವ್ವ?” ಎಂದರು. “ಇಲ್ಲ ದೊಡ್ಡಪ್ಪ, ನಿಮ್ಮ ಮನೆಗೂ ಹಿಂಗೇ ಗಾಳಿ ಬರೋ ಹಂಗೆ ಮಾಡೋದು ಹೆಂಗೆ ಅಂತ ನೋಡ್ತಿದೀನಿ” ಎಂದಳು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಮನೆಗ್ಯಾಕವ್ವ, ಮನೆ ಏನು ಮಾರೋದೈತಾ?” ಎಂದು ಒಳಗೆ ಹೋದರು.

ಈ ಉತ್ತರಕ್ಕೆ ಪಾಲಿಟೆಕ್ನಿಕ್ಕಿನ ಪಠ್ಯದಲ್ಲಿ ಪ್ರತ್ಯುತ್ತರ ಇದ್ದಂತಿಲ್ಲ. ಅವಳು ಈಗ ಮೂರನೇ ವರ್ಷದಲ್ಲಿದ್ದಾಳೆ, ರಜೆಗೆ ಬಂದಾಗ ನಮ್ಮ ಮನೆಯ ಸೂರನ್ನು ನನಗಿಂತ ಕೆಟ್ಟ ಮುಖ ಮಾಡಿಕೊಂಡು ನೋಡುತ್ತಾಳೆ. ನಿಮ್ಮಲ್ಲಿ ಯಾರಾದರೂ ಈ ವರ್ಷ ಮನೆ ಕಟ್ಟಿಸುವವರಿದ್ದರೆ, ಎಲಿವೇಷನ್ನಿನ ಬಣ್ಣ ಆಮೇಲೆ ಆರಿಸಿಕೊಳ್ಳಿ. ಸಜ್ಜಾಕ್ಕೆ ಕಾಂಕ್ರೀಟ್ ಸುರಿಯುವ ದಿನ ನೀವೇ ಹೋಗಿ ನಿಂತು, ಹಲಗೆಯ ಮೇಲೆ ರೀಪಿನ ಪಟ್ಟಿ ಇಡಿಸಿ. ಮೇಸ್ತ್ರಿ ಅದೆಲ್ಲ ಬೇಡ ಸಾರ್ ಅನ್ನುತ್ತಾರೆ. ಇಡಿಸಿ.